ದಡಾರದ ಸೂಜಿಗೆ ಒಂಬತ್ತು ತಿಂಗಳೇ ಯಾಕೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೆಲಸ ನನ್ನದು. "ಅಕ್ಕೋರೆ, ನಾವು ಗುಳೆ ಹೊಂಟೀವಿ, ದಡಾರದ ಸೂಜಿ ಈಗೇ ಹಾಕಿಬಿಡ್ರಿ" ಅಂತ ಆರು ತಿಂಗಳ ಕೂಸನ್ನು ಎತ್ತಿಕೊಂಡು ಬರುವ ತಾಯಂದಿರು ಬಹಳ. ಅವರು ಕೇಳುವುದು ನ್ಯಾಯವೇ. ಸುಮ್ನೆ "ರೂಲ್ಸ್ ಇಲ್ಲವ್ವಾ" ಅಂದರೆ ನನಗೇ ಸಮಾಧಾನ ಆಗುವುದಿಲ್ಲ.

ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನಿಗೆ ಪ್ರತಿಕಾಯ ಅಂತಾರೆ. ಅದನ್ನು ತಯಾರಿಸುವ ಬಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಗರ್ಭದಲ್ಲೇ ಹುಟ್ಟುತ್ತವೆ. ಮೊದಲು ಕೂಸಿನ ಪಿತ್ತಜನಕಾಂಗದಲ್ಲಿ, ಆಮೇಲೆ ಎಲುಬಿನ ಮಜ್ಜೆಯಲ್ಲಿ. ಹುಟ್ಟುವಾಗ ಅವು ಬೇಕಾದಷ್ಟಿರುತ್ತವೆ, ಆದರೆ ಹೆಚ್ಚಿನವು ಇನ್ನೂ ಯಾವ ರೋಗಾಣುವನ್ನೂ ಕಂಡಿರುವುದಿಲ್ಲ. ಅಲ್ಲಿಯವರೆಗೆ ಕೂಸನ್ನು ಕಾಯುವುದು ತಾಯಿಯ ಪ್ರತಿಕಾಯ. ಅದು ಮಾಸಿನ (ಪ್ಲಾಸೆಂಟಾ) ಮೂಲಕ, ಜಾಸ್ತಿ ಕೊನೆಯ ಮೂರು ತಿಂಗಳಲ್ಲಿ, ಕೂಸಿಗೆ ಹೋಗುತ್ತದೆ. ಗರ್ಭಿಣಿಗೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಕೊಟ್ಟರೆ ಕೂಸಿಗೂ ಧನುರ್ವಾಯು ತಟ್ಟದಿರುವುದು ಇದರಿಂದಲೇ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಪಾಲು ಕಡಿಮೆ. ಅಂಥ ಮನೆಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಈ ಪಾಲು ತಿಂಗಳು ತಿಂಗಳಿಗೂ ಕರಗುತ್ತದೆ. ದಡಾರದ ಲಸಿಕೆಯಲ್ಲಿರುವುದು ಜೀವಂತ, ಆದರೆ ಸೊರಗಿಸಿದ ವೈರಸ್. ತಾಯಿಯ ಪ್ರತಿಕಾಯ ಇನ್ನೂ ಉಳಿದಿದ್ದರೆ ಅದನ್ನು ಅಲ್ಲೇ ತಡೆಯುತ್ತದೆ, ಕೂಸಿನ ಕೋಶಗಳು ಸರಿಯಾಗಿ ಕಲಿಯುವುದಿಲ್ಲ. ಈ ಪಾಲು ಕರಗಲಿ ಅಂತಲೇ ಒಂಬತ್ತು ತಿಂಗಳವರೆಗೆ ಕಾಯುವುದು. ದಡಾರ ಹರಡಿರುವ ಕಡೆ ಆರು ತಿಂಗಳಿಗೂ ಹಾಕುವುದುಂಟು. ಆದರೆ ಅದು ಲೆಕ್ಕಕ್ಕಿಲ್ಲ, ಒಂಬತ್ತಕ್ಕೆ ಮತ್ತೆ ಹಾಕಲೇಬೇಕು. ಅದಕ್ಕೇ ನಾನು ಹೇಳುವುದು: ತಾಯಿ ಕಾರ್ಡ್ ಜೊತೆಗೇ ಒಯ್ಯಿರಿ. ಪುಣೆ ಆಗಲಿ ಬೆಂಗಳೂರು ಆಗಲಿ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಹಾಕುತ್ತಾರೆ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯ ಹೊದಿಕೆ ಇರುತ್ತದೆ. ಎರಡು ವರ್ಷದೊಳಗಿನ ಕೂಸಿನ ಬಿ ಕೋಶಗಳು ಬರೀ ಸಕ್ಕರೆಗೆ ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲ. ಆ ಸಕ್ಕರೆಗೆ ಪ್ರೋಟೀನ್ ಜೋಡಿಸಿದರೆ ಟಿ ಕೋಶಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣ) ನೆರವಿಗೆ ಬರುತ್ತವೆ, ಆಗ ಕೂಸೂ ಪ್ರತಿಕಾಯ ಮಾಡುತ್ತದೆ. ನಾವು ಹಾಕುವ ಪೆಂಟಾದ (ಐದು ರೋಗಗಳಿಗೆ ಒಂದೇ ಲಸಿಕೆ) ಹಿಬ್ ಬ್ಯಾಕ್ಟೀರಿಯಾದ ಭಾಗ, ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತಡೆಯುವ ಪಿಸಿವಿ ಲಸಿಕೆ ಎರಡೂ ಹೀಗೆ ಮಾಡಿದವು. ಎಂಥ ಜಾಣತನ ಅಲ್ವಾ!

ಮುಂದೆ ಬೆಳವಣಿಗೆ ಒಂದೇ ವೇಗದಲ್ಲಿ ಇರುವುದಿಲ್ಲ. ಪ್ರತಿಕಾಯದಲ್ಲಿ ಐಜಿಎಂ, ಐಜಿಜಿ, ಐಜಿಎ ಅಂತ ಬಗೆಗಳಿವೆ. ಐಜಿಎಂ ವರ್ಷದ ಹೊತ್ತಿಗೇ ದೊಡ್ಡವರ ಮಟ್ಟದ ಹತ್ತಿರ ಬರುತ್ತದೆ. ಐಜಿಜಿಗೆ ಇನ್ನೂ ಕೆಲವು ವರ್ಷ ಬೇಕು. ಐಜಿಎ ಎಲ್ಲಕ್ಕಿಂತ ನಿಧಾನ. ರಕ್ತದಲ್ಲಿ ಬಿ ಕೋಶಗಳ ಸಂಖ್ಯೆ ಎಳೆತನದಲ್ಲೇ ಜಾಸ್ತಿ, ಆಮೇಲೆ ಇಳಿಯುತ್ತದೆ. ಆದರೆ ಅವುಗಳಲ್ಲಿ ನೆನಪಿನ ಕೋಶಗಳ ಪಾಲು ಏರುತ್ತಾ ಹೋಗುತ್ತದೆ. 10 ಮತ್ತು 16 ವರ್ಷಕ್ಕೆ ಟಿಡಿ ಹಾಕಿದಾಗ ಎಚ್ಚರಗೊಳ್ಳುವುದು ಅವೇ. ಎಳೆತನದ ಪೆಂಟಾದಿಂದ ಧನುರ್ವಾಯುವಿನ ಗುರುತು ಹಿಡಿದ ಆ ಕೋಶಗಳು ಕೆಲವೇ ದಿನಗಳಲ್ಲಿ ಪ್ರತಿಕಾಯ ಸುರಿಸತೊಡಗುತ್ತವೆ.