ವೈ ನದಿಯ ಹಸಿರು ನೀರು ಮತ್ತು ರಂಜಕದ ಜಮಾ-ಖರ್ಚು

ನಾನು ವಾಸವಾಗಿರುವ ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ವೈ ನದಿಯ ಮಾತು ಬಂದರೆ ಜನ ಮೊದಲು ಬೈಯುವುದು ಒಳಚರಂಡಿ ನೀರನ್ನು ನದಿಗೆ ಬಿಡುವವರನ್ನು. ಆ ಸಿಟ್ಟು ಸುಳ್ಳಲ್ಲ. ಆದರೆ ಕೊಳವೆ ಕಣ್ಣಿಗೆ ಕಾಣುತ್ತದೆ, ಪಾಚಿ ಬೆಳೆಸಿ ನದಿಯನ್ನು ಹಸಿರಾಗಿಸುವ, ಹೊಲದ ಮಣ್ಣಿನಲ್ಲಿ ಸೇರಿಕೊಂಡ ರಂಜಕ (ಫಾಸ್ಫರಸ್) ಕಾಣುವುದಿಲ್ಲ ಎಂಬ ಕಾರಣಕ್ಕೆ ನಮ್ಮ ಚರ್ಚೆಯೆಲ್ಲ ಒಂದೇ ಕಡೆಗೆ ವಾಲಿದೆ ಎಂದು ನನಗೆ ಅನ್ನಿಸುತ್ತದೆ.

ವೇಲ್ಸ್‌ನ ಪ್ಲಿನ್ಲಿಮನ್ ಬೆಟ್ಟದಲ್ಲಿ ಹುಟ್ಟಿ, ಸುಮಾರು 250 ಕಿಲೋಮೀಟರ್ ಹರಿದು, ಚೆಪ್‌ಸ್ಟೋ ಬಳಿ ಸೆವರ್ನ್ ಅಳಿವೆಯನ್ನು ಸೇರುವ ಈ ನದಿಯ ದಡಗಳಲ್ಲಿ ದೊಡ್ಡ ಕಾರ್ಖಾನೆಗಳು ಹೆಚ್ಚೇನಿಲ್ಲ. ಇರುವುದು ಹುಲ್ಲುಗಾವಲು, ಸೇಬಿನ ತೋಟ, ಆಲೂಗಡ್ಡೆ ಹೊಲ, ಮತ್ತು ಈಚಿನ ದಶಕಗಳಲ್ಲಿ ಸಾಲುಸಾಲಾಗಿ ಎದ್ದ ಕೋಳಿ ಶೆಡ್‌ಗಳು. ಜಲಾನಯನ ಪ್ರದೇಶದಲ್ಲಿ ಯಾವುದೇ ಹೊತ್ತಿನಲ್ಲಿ ಎರಡು ಕೋಟಿಗೂ ಹೆಚ್ಚು ಕೋಳಿಗಳಿರುತ್ತವೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಅವುಗಳ ಆಹಾರದಲ್ಲಿ ಸೋಯಾ ಮತ್ತು ಧಾನ್ಯಗಳದ್ದೇ ದೊಡ್ಡ ಪಾಲು, ಅದರಲ್ಲೂ ಸೋಯಾ ಹೊರದೇಶಗಳಿಂದ ಬರುತ್ತದೆ. ಈ ಕಾಳುಗಳಲ್ಲಿನ ರಂಜಕ ಬಹುಮಟ್ಟಿಗೆ ಫೈಟೇಟ್ ರೂಪದಲ್ಲಿದ್ದು ಕೋಳಿಗೆ ಸರಿಯಾಗಿ ಜೀರ್ಣವಾಗದ ಕಾರಣ, ಫೈಟೇಸ್ ಎಂಬ ಕಿಣ್ವವನ್ನು ಬೆರೆಸಿದರೂ ಗಣನೀಯ ಭಾಗ ಹಿಕ್ಕೆಯಲ್ಲಿಯೇ ಹೊರಬರುತ್ತದೆ.

ಕೋಳಿಗೊಬ್ಬರ ಒಳ್ಳೆಯ ಗೊಬ್ಬರವೇ. ನಮ್ಮ ಊರುಗಳಲ್ಲಿ ಅದನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ರೈತರಿದ್ದಾರೆ. ತೊಡಕಿರುವುದು ಪ್ರಮಾಣದಲ್ಲಿ. ಬೆಳೆಗೆ ಬೇಕಾದಷ್ಟು ಸಾರಜನಕ ಸಿಗಲಿ ಎಂದು ಗೊಬ್ಬರ ಹರಡಿದರೆ, ರಂಜಕವು ಬೆಳೆ ಹೀರಬಲ್ಲುದಕ್ಕಿಂತ ಹೆಚ್ಚಾಗಿ ಭೂಮಿಗೆ ಬೀಳುತ್ತದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನೇತೃತ್ವದ ಅಧ್ಯಯನವೊಂದು 2022ರಲ್ಲಿ ಇದರ ಜಮಾ-ಖರ್ಚನ್ನು ತೆಗೆದು, ವೈ ಜಲಾನಯನದ ಕೃಷಿಭೂಮಿಯಲ್ಲಿ ವರ್ಷಕ್ಕೆ ಸುಮಾರು 3,000 ಟನ್ ರಂಜಕ ಹೆಚ್ಚುವರಿಯಾಗಿ ಉಳಿಯುತ್ತಿದೆ ಎಂದು ತೋರಿಸಿತು. ಇಲ್ಲಿಯ ಮಣ್ಣಿಗೆ ರಂಜಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆ ಎಂಬುದನ್ನು ಅದೇ ಅಧ್ಯಯನ ಗುರುತಿಸಿದೆ. ಲಗ್, ಆರೋ, ಫ್ರೋಮ್ ಮುಂತಾದ ಉಪನದಿಗಳು ಜೋರು ಮಳೆಗೆ ಕೆಂಪಾಗಿ ಹರಿಯುವಾಗ, ಆ ಮಣ್ಣಿನ ಕಣಗಳಿಗೆ ಅಂಟಿಕೊಂಡ ಫಾಸ್ಫೇಟ್ (ರಂಜಕದ ಸಂಯುಕ್ತ) ಕೂಡ ಇಳಿಜಾರಿನಿಂದ ನೀರಿಗೆ ಸೇರುತ್ತದೆ.

ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಮಿತಿ ಹಾಕುವುದು ರಂಜಕದ ಕೊರತೆ. ಆ ಕೊರತೆ ನೀಗಿತೆಂದರೆ, ಬೇಸಿಗೆಯ ಬಿಸಿಲಿಗೆ ನೀರು ಬೆಚ್ಚಗಾಗಿ ಹರಿವು ತಗ್ಗಿದ ದಿನಗಳಲ್ಲಿ ನದಿ ಬಟಾಣಿ ಸಾರಿನ ಬಣ್ಣಕ್ಕೆ ತಿರುಗುತ್ತದೆ. 2020ರಲ್ಲಿ ಆದದ್ದು ಅದೇ. ಬಿಳಿ ಹೂ ಬಿಡುವ ವಾಟರ್ ಕ್ರೋಫೂಟ್ ಎಂಬ ಜಲಸಸ್ಯ ಬೆಳಕು ಸಿಗದೆ ಸಾಯುತ್ತದೆ, ಅದರೊಂದಿಗೆ ಮರಿಮೀನು ಮತ್ತು ಹುಳುಗಳ ಆಸರೆಯೂ ಹೋಗುತ್ತದೆ. 2023ರ ಮೇ ತಿಂಗಳಲ್ಲಿ ಸರ್ಕಾರದ ನಿಸರ್ಗ ಸಂರಕ್ಷಣಾ ಸಲಹಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ಈ ನದಿಯ ಸ್ಥಿತಿಯನ್ನು 'ಪ್ರತಿಕೂಲ, ಇನ್ನೂ ಕುಸಿಯುತ್ತಿರುವುದು' ಎಂಬ ದರ್ಜೆಗೆ ಇಳಿಸಿತು.

ಲಗ್ ಜಲಾನಯನದಲ್ಲಿ 2019ರಿಂದ ಹೊಸ ಮನೆಗಳಿಗೆ ಅನುಮತಿ ಬಹುಮಟ್ಟಿಗೆ ನಿಂತಿತು, ಏಕೆಂದರೆ ಮನೆಯೊಂದು ನದಿಗೆ ಸೇರಿಸಬಹುದಾದ ಫಾಸ್ಫೇಟನ್ನು ಸರಿದೂಗಿಸಿ ತೋರಿಸಬೇಕಾಯಿತು. ಅದಕ್ಕೆಂದೇ ಸ್ಥಳೀಯ ಕೌನ್ಸಿಲ್ ಒಳಚರಂಡಿ ನೀರಿನ ಸಂಸ್ಕರಣಾ ಘಟಕದ ಪಕ್ಕದಲ್ಲಿ ಫಾಸ್ಫೇಟ್ ಹಿಡಿದಿಡುವ ಜೌಗು ಪ್ರದೇಶ ನಿರ್ಮಿಸಿದ್ದನ್ನು ನಾನು ಮೆಚ್ಚುತ್ತೇನೆ. ಆದರೆ ನಾಲ್ಕು ಕೋಣೆಯ ಮನೆಗೆ ಗ್ರಾಂ ಲೆಕ್ಕದಲ್ಲಿ ಹೊಣೆ ಕೇಳುವ ವ್ಯವಸ್ಥೆಯು, 40,000ಕ್ಕಿಂತ ಕಡಿಮೆ ಕೋಳಿಗಳ ಶೆಡ್‌ಗೆ ಪರಿಸರ ಪರವಾನಗಿಯನ್ನೇ ಕೇಳುವುದಿಲ್ಲ. ಮಣ್ಣಿಗೂ ಬೆಳೆಗೂ ಬೇಕಾದಷ್ಟೇ ಗೊಬ್ಬರ ಹಾಕಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2018ರಿಂದಲೂ ಇದೆ. ಅದನ್ನು ಬಿಗಿಯಾಗಿ ಜಾರಿ ಮಾಡುವ ಮನಸ್ಸು ಮಾತ್ರ ಬಹುಕಾಲ ಕಾಣಲಿಲ್ಲ.

ಹಾಗೆಂದು ರೈತನನ್ನು ಒಬ್ಬಂಟಿಯಾಗಿ ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಮರಿ, ಫೀಡು, ಖರೀದಿ ದರ ಎಲ್ಲವೂ ಕಂಪನಿಯ ಕೈಯಲ್ಲಿರುವ ಒಪ್ಪಂದದ ಸಾಕಣೆಯಲ್ಲಿ, ಹಿಕ್ಕೆಯೊಂದೇ ಅವನ ಪಾಲಿಗೆ ಉಳಿಯುವ ವಸ್ತು. ಕೋಳಿಗೊಬ್ಬರವನ್ನು ಲಾರಿಗಳಲ್ಲಿ ಕಣಿವೆಯ ಹೊರಗೆ ಸಾಗಿಸುವ ಕ್ರಮ ಈಚೆಗೆ ಹೆಚ್ಚಿದೆ, ಅದರಿಂದ ವೈ ನದಿಗೆ ಪ್ರಯೋಜನವಾದೀತು. ಆದರೂ ಮಣ್ಣಿನಲ್ಲಿ ಈಗಾಗಲೇ ಕೂಡಿರುವ ರಂಜಕ ಕಡಿಮೆಯಾಗಲು, ಹೊಸದಾಗಿ ಹಾಕದೆ ಹಲವು ವರ್ಷಗಳ ಬೆಳೆ ತೆಗೆಯಬೇಕಾಗುತ್ತದೆ. ಜೊತೆಗೆ, ಆ ಲಾರಿಗಳು ಗೊಬ್ಬರ ಇಳಿಸುವ ಹೊಲಗಳ ಮಣ್ಣನ್ನು ಮೊದಲು ಪರೀಕ್ಷಿಸಿದ್ದಾರೆಯೇ, ಅಲ್ಲಿಯ ಹಳ್ಳಗಳು ಯಾವ ನದಿಗೆ ಸೇರುತ್ತವೆ ಎಂಬುದನ್ನೂ ಇದೇ ಜಮಾ-ಖರ್ಚಿನಲ್ಲಿ ಬರೆಯಬೇಕು.