ಅವ್ವನ ಪಾಲಿಸ್ಟರ್ ಸೀರೆಗೂ ಕೌದಿಯಲ್ಲಿ ಜಾಗ ಬೇಕು

"ಈ ಪಾಲಿಸ್ಟರ್ ಅರಿವಿ ಯಾರರ ಕೌದಿಗೆ ಹಾಕ್ತಾರೇನ? ಹತ್ತೀದು ಇದ್ರ ತಗೀರಿ." ದೊಡ್ಡವ್ವ ಹೀಗಂದು ಅವ್ವನ ಸೀರೆ ಗಂಟನ್ನು ಆಚೆ ಸರಿಸಿದರು. ಕೈಯಿಂದಲ್ಲ, ಕಾಲಿನಿಂದ. ಭಾನುವಾರದಿಂದ ಅದೇ ಕಣ್ಮುಂದೆ ಬರ್ತಾ ಇದೆ.

ತಂಗಿಗೆ ಈಗ ಏಳು ತಿಂಗಳು. ಹುಟ್ಟೋ ಕೂಸಿಗೆ ಅಜ್ಜಿಯ ಸೀರೆಗಳದ್ದೇ ಕೌದಿ ಬೇಕು ಅಂತ ಅವಳ ಆಸೆ. ಕೌದಿ ಹೊಲಿಯುವ ಅಮ್ಮ ಪಡಸಾಲೆಯಲ್ಲಿ ಕೂತಿದ್ದರು. ಆದರೆ ಅವ್ವನ ಟ್ರಂಕಿನಲ್ಲಿ ಹತ್ತಿ ಸೀರೆ ಎಲ್ಲಿಂದ ಬರಬೇಕು? ಬರೀ ನೈಲಾನ್, ಪಾಲಿಸ್ಟರ್, ಜಾರ್ಜೆಟ್.

ಅವ್ವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ರಾತ್ರಿ ಪಾಳಿ ಮುಗಿಸಿ ಬಂದು ಒಗೆದು ಹಾಕಿದ ಸೀರೆ ಮಳೆಗಾಲದಲ್ಲೂ ಸಂಜೆಯೊಳಗೆ ಒಣಗಬೇಕಿತ್ತು. ಹತ್ತಿ ಸೀರೆಗೆ ಗಂಜಿ ಹಾಕಬೇಕು, ಇಸ್ತ್ರಿ ಮಾಡಬೇಕು. ಅದಕ್ಕೆಲ್ಲ ಹೊತ್ತು ಯಾರಿಗಿತ್ತು? ಪಾಲಿಸ್ಟರ್ ನೂಲು ನೀರನ್ನೇ ಹೀರಲ್ಲ, ಕೊಡವಿ ಹಾಕಿದರೆ ಸಾಕು. 1966ರಲ್ಲಿ ರಿಲಯನ್ಸಿನವರು ಅಹಮದಾಬಾದಿನ ನರೋಡಾದಲ್ಲಿ ಗಿರಣಿ ಶುರು ಮಾಡಿದರು. ಆಮೇಲೆ ವಿಮಲ್ ಸೀರೆ ನಮ್ಮೂರಿನ ಅಂಗಡಿಗಳಿಗೂ ಬಂತು. ಉಟ್ಟವರಲ್ಲಿ ಅವ್ವನ ಹಾಗೆ ಕೆಲಸಕ್ಕೆ ಹೋಗ್ತಿದ್ದ ಟೀಚರುಗಳು, ನರ್ಸುಗಳು, ಗುಮಾಸ್ತೆಯರು ಎಷ್ಟು ಜನ! ಆ ಸೀರೆ ಅವರಿಗೆ ದಿನಕ್ಕೊಂದಿಷ್ಟು ಹೊತ್ತು ಉಳಿಸಿಕೊಟ್ಟಿದೆ. ಆ ಹೊತ್ತಿನಲ್ಲೇ ಅವ್ವ ನಮಗೆ ಮಗ್ಗಿ ಹೇಳಿಕೊಟ್ಟಿದ್ದು.

ದೊಡ್ಡವ್ವನ ಸೀರೆ ಒಗೆಯೋದಕ್ಕೆ ಆಳಿತ್ತು. ಅದನ್ನು ಹೇಳಲೇಬೇಕು. ಹತ್ತಿ ಶ್ರೇಷ್ಠ ಅನ್ನೋರಲ್ಲಿ ಜಾಸ್ತಿ ಜನ, ತಮ್ಮ ಸೀರೆಗೆ ತಾವೇ ಗಂಜಿ ಹಾಕಿಕೊಂಡವರಲ್ಲ. ಹಾಗಂತ ದೊಡ್ಡವ್ವ ಸುಮ್ನೆ ಹಟ ಮಾಡೋರಲ್ಲ. ಕೂಸಿಗೆ ಸೆಖೆ ಆಗುತ್ತೆ, ಬೆವರು ಹೀರಲ್ಲ, ಕಿಡಿ ಬಿದ್ರೆ ಕರಗಿ ಮೈಗೇ ಅಂಟುತ್ತೆ ಅಂದರು. ಮೂರೂ ನಿಜ. ಆ ಮಾತನ್ನು ನಾನು ಒಪ್ತೀನಿ. ಕಾಲಿನಿಂದ ಸರಿಸಿದ್ದನ್ನು ಮಾತ್ರ ಒಪ್ಪಲ್ಲ.

ಹೊಲಿಯುವ ಅಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡು ಕಡ್ಡಿಪೆಟ್ಟಿಗೆ ತರಿಸಿದರು. ಅವ್ವನ ನೀಲಿ ಸೀರೆಯಿಂದ ಒಂದೆಳೆ ಕಿತ್ತು ಉರಿಗೆ ಹಿಡಿದರು. ಎಳೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರಿ ಗುಂಡು ನಿಂತಿತು. ಆರಿದ ಮೇಲೆ ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. ಆಮೇಲೆ ದೊಡ್ಡವ್ವ ಕೂಸಿಗೆ ಅಂತ ತಂದಿದ್ದ ಹಳೆ ಇಳಕಲ್ಲ ಸೀರೆ. ಅದರ ಒಡಲು ಹತ್ತಿ, ಸೆರಗು ಕೆಂಪು. "ಸೆರಗು ಅಪ್ಪಟ ರೇಷ್ಮಿ" ಅಂತ ದೊಡ್ಡವ್ವ ಮೊದಲೇ ಹೇಳಿದ್ದರು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಬಂದಿದ್ದು ಕಾಗದ ಸುಟ್ಟ ವಾಸನೆ, ಮೇಲೆ ಬೂದಿ.

"ಚಮಕಾ ಐತ್ರಿ ಅಕ್ಕಾರ ಇದು" ಅಂದರು ಅಮ್ಮ.

ಚಮಕಾ ಅಂದರೆ ರೇಯಾನ್. ಮರದ ತಿರುಳನ್ನು ಕಾರ್ಖಾನೆಯಲ್ಲಿ ಕರಗಿಸಿ ಎಳೆ ತೆಗೀತಾರೆ. ಇಳಕಲ್ಲಿನ ನೇಕಾರರು ಎಷ್ಟೋ ವರ್ಷದಿಂದ ಹತ್ತಿ ಒಡಲಿಗೆ ಅದನ್ನು ಕೊಂಡಿ ಹಾಕಿ ಜೋಡಿಸ್ತಾ ಬಂದಿದ್ದಾರೆ. ಸೆರಗು ಹೊಳೆಯೋದು ಅದರಿಂದಲೇ. ನಮಗೆ ಅಷ್ಟು ಹೆಮ್ಮೆಯ ಸೀರೆಯಲ್ಲೇ ಕಾರ್ಖಾನೆಯ ಎಳೆ ಇದೆ, ಅವ್ವನ ಸೀರೆ ಮಾತ್ರ ಯಾಕೆ ಕೀಳಾಗಬೇಕು? ದೊಡ್ಡವ್ವ ಏನೂ ಅನ್ನದೆ ಚಹಾ ಮಾಡಲು ಎದ್ದರು.

ಕೊನೆಗೆ ದಾರಿ ತೋರಿಸಿದ್ದೂ ಹೊಲಿಯುವ ಅಮ್ಮನೇ. "ಕೂಸಿನ ಮೈಗೆ ಹತ್ತೋ ಕಡೆ ಹತ್ತೀದು ಹಾಕೂಣ್ರಿ. ಮ್ಯಾಲಿನ ಚಂದಕ್ಕ ಅಮ್ಮಾರ ಸೀರಿ. ದೊಡ್ಡದಾದ ಮ್ಯಾಲೆ ಹೊದಿಲಿ, ಈಗ ಹಾಸಲಿ." ಒಡಲಿನ ಹತ್ತಿ ದೊಡ್ಡವ್ವನ ಸೀರೆಯದೇ ಆಯಿತು.

ಕೆಲಸ ಮಾತ್ರ ಹತ್ತಿಯಷ್ಟು ಸಲೀಸಲ್ಲ. ಪಾಲಿಸ್ಟರ್ ಜಾರುತ್ತೆ, ಅದಕ್ಕೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಕೂರಿಸಿದರು. ಕತ್ತರಿಸಿದ ಅಂಚಿನ ಎಳೆ ಬಿಚ್ಚಿಕೊಳ್ಳುತ್ತೆ ಅಂತ ಎರಡು ಮಡಿಕೆ ಒಳಗೆ ಮಡಚಿದರು. ಸೂಜಿ ಸಣ್ಣದು. ದಾರ ಬಿಗಿದರೆ ಬಟ್ಟೆ ಸುಕ್ಕಾಗುತ್ತೆ, ಅದಕ್ಕೆ ಕೈ ಹಗುರ. ಇಸ್ತ್ರಿಯನ್ನು ನೇರವಾಗಿ ಇಡಬೇಡಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಅಂತ ನನಗೂ ಹೇಳಿಕೊಟ್ಟರು.

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ಅಮೆರಿಕದ ಪ್ರದರ್ಶನಗಳಿಗೂ ಹೋಗಿ ಬಂದಿದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ಮನೆಯವರು ಉಟ್ಟು ಬಿಟ್ಟಿದ್ದೇ ಅವರಿಗೆ ಬಟ್ಟೆ, ಹೊಳೆಯೋದೂ ಸೇರಿ. ಅದನ್ನು ನೋಡಿ ಹೊಗಳೋ ನಾವು ನಮ್ಮ ಮನೆ ಟ್ರಂಕಿನ ಮುಂದೆ ಮೂಗು ಮುರೀತೀವಿ, ಸರಿನಾ ಅದು?

ಅವ್ವ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಹಳದಿ ಹೂವಿನ ಜಾರ್ಜೆಟ್ ಸೀರೆಗೆ ಕತ್ತರಿ ಹತ್ತಿರ ಬಂದಾಗ ಮಾತ್ರ ಕೈ ಹಿಡಿದರು. "ಅದು ಬ್ಯಾಡ್ರಿ. ಕೂಸಿನ ತೊಟ್ಟಿಲಕ್ಕ ಅದನ್ನ ಉಡಾಕಿ ಅದೀನಿ ನಾನು."