ಮೀನಿನ ಮೂಗಲ್ಲಿ ಕಸಬರಿಗೆ ಕಡ್ಡಿ

ದಸರಾ ರಜೆಗೆ ಮಗಳನ್ನು ಕರೆದುಕೊಂಡು ರಾತ್ರಿ ಬಸ್ಸಲ್ಲಿ ಗಂಗಾವತಿಗೆ ಹೊರಟಿದ್ದೆ. ಬೆಳಗಿನ ಜಾವ ಕಂಡಕ್ಟರ್ ಕೂಗುವ ಮುಂಚೆಯೇ ನನಗೆ ಎಚ್ಚರ. ರೈಸ್ ಮಿಲ್ಲುಗಳ ಕಡೆಯಿಂದ ಭತ್ತ ಬೇಯಿಸುವ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಹೊಟ್ಟಿನ ಹೊಗೆ. ನಾನು ಮೂಗು ಅರಳಿಸಿ ಕೂತಿದ್ದರೆ ಮಗಳು ದಡಕ್ಕನೆ ಕಿಟಕಿ ಎಳೆದಳು. "ಅಪ್ಪಾ, ಏನಿದು ನಾತ!"

ನಮ್ಮೂರಿನ ಮರ್ಯಾದೆ ಉಳಿಸಬೇಕಲ್ವಾ? ಸಾಲ್ಮನ್ ಮೀನಿನ ಕಥೆ ತೆಗೆದೆ. ಅದು ಹುಟ್ಟೋದು ಹೊಳೆಯಲ್ಲಿ, ಬೆಳೆಯೋದು ಸಮುದ್ರದಲ್ಲಿ. ಮೊಟ್ಟೆ ಇಡಲು ವರ್ಷಗಳ ಮೇಲೆ ಮತ್ತೆ ಅದೇ ಹೊಳೆಗೆ ವಾಪಸ್. ನದಿ ಸೇರಿದ ಮೇಲೆ ದಾರಿ ಹೇಳೋದು ಮೂಗು. ಒಂದೊಂದು ಹೊಳೆಗೂ ಅದರ ಮಣ್ಣಿನದು, ಗಿಡದ್ದು ಅಂತ ಒಂದು ವಾಸನೆ. ಮರಿ ಸಮುದ್ರಕ್ಕೆ ಹೊರಡುವ ಮುಂಚೆ ಮೈ ಬೆಳ್ಳಿಯ ಹಾಗೆ ಹೊಳೆಯತೊಡಗುತ್ತದೆ, ಥೈರಾಯ್ಡ್ ಹಾರ್ಮೋನು ಏರುತ್ತದೆ. ಆಗಲೇ ಆ ವಾಸನೆ ತಲೆಯಲ್ಲಿ ಕೂತುಬಿಡೋದು.

"ಮೀನಿಗೆ ಮೂಗೆಲ್ಲಿದೆ?" ಅಂದಳು.

ಸರಿ, ಹತ್ತು ಗಂಟೆಗೆ ಮೀನು ಮಾರೋ ಜಾಗಕ್ಕೇ ಕರೆದುಕೊಂಡು ಹೋದೆ. "ನೋಡು, ಒಂದೊಂದು ಪಕ್ಕಕ್ಕೂ ಎರಡೆರಡು ತೂತು" ಅಂತ ಜಂಬದಿಂದ ಒಂದು ಜಿಲೇಬಿ ಮೀನು ಎತ್ತಿದೆ. ಅವಳು ಎಣಿಸಿದಳು. ಒಂದೇ! ಆಮೇಲೆ ಗೊತ್ತಾಯ್ತು, ಆ ಜಾತಿಗೆ ಪಕ್ಕಕ್ಕೊಂದೇ ತೂತಂತೆ. ಮೀನಿನ ಅಕ್ಕ ನಗುತ್ತಾ, "ತಗೋತೀರೇನ್ರಿ ಅಣ್ಣಾರ, ಇಲ್ಲ ಬರೇ ಮೂಗ್ ನೋಡ್ತೀರೋ?" ಅಂದರು. ಮರ್ಯಾದೆಗೆ ಒಂದು ಕಾಟ್ಲಾ ತೂಗಿಸಿದೆ.

ಕಾಟ್ಲಾ ಕೈ ಕೊಡಲಿಲ್ಲ. ಕಣ್ಣಿನ ಮುಂದೆ ಎರಡು ತೂತು, ನಡುವೆ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಚರ್ಮ. ಆ ಅಕ್ಕನೇ ಒಂದು ಕಸಬರಿಗೆ ಕಡ್ಡಿ ಮುರಿದುಕೊಟ್ಟರು. ಮಗಳು ಮುಂದಿನ ತೂತಿಗೆ ಮೆಲ್ಲಗೆ ತೂರಿಸಿದರೆ ಹಿಂದಿನದರಲ್ಲಿ ತುದಿ ಇಣುಕಿತು. ನೀರು ಹೋಗೋದೂ ಹಾಗೇ, ಮುಂದಿನಿಂದ ಹಿಂದಕ್ಕೆ. ಈ ಮೂಗಿಗೂ ಗಂಟಲಿಗೂ ಸಂಬಂಧ ಇಲ್ಲ. ಉಸಿರಾಟ ಕಿವಿರಿನ ಕೆಲಸ, ಮೂಗು ಬರೀ ಮೂಸೋಕೆ.

ಮನೆಗೆ ನಡೆಯುತ್ತಾ ಹ್ಯಾಸ್ಲರ್ ಕಥೆ ಹೇಳಿದೆ. ಅಮೆರಿಕದ ವಿಜ್ಞಾನಿ. 1946ರಲ್ಲಿ ಯೂಟಾದ ಬೆಟ್ಟ ಹತ್ತುವಾಗ ಪಾಚಿ, ಹೂವಿನ ವಾಸನೆ ಬಡಿದು ಬಾಲ್ಯ ಒಮ್ಮೆಲೇ ನೆನಪಾಯಿತಂತೆ. ಮೀನಿಗೂ ಹೀಗೇ ಆಗುತ್ತಾ ಅನ್ನೋ ಯೋಚನೆ ಬಂದದ್ದು ಅಲ್ಲೇ. ಮುಂದೆ ಒಂದಷ್ಟು ಸಾಲ್ಮನ್‌ಗಳ ಮೂಗಿಗೆ ಹತ್ತಿ ತುರುಕಿ ನೋಡಿದರು. ಅವಕ್ಕೆ ಹೊಳೆಯ ಕವಲಲ್ಲಿ ದಾರಿ ತಪ್ಪಿತು.

ನನಗೆ ಜಾಸ್ತಿ ಇಷ್ಟ 1970ರ ದಶಕದ ಪ್ರಯೋಗ. ಮಿಷಿಗನ್ ಸರೋವರಕ್ಕೆ ಬಿಡುವ ಮುಂಚೆ ಮರಿಗಳ ನೀರಿಗೆ ಮಾರ್ಫೊಲೀನ್ ಅನ್ನೋ ರಾಸಾಯನಿಕ ಬೆರೆಸಿದ್ದರು. ಒಂದೂವರೆ ವರ್ಷದ ಮೇಲೆ ಅದನ್ನೇ ಒಂದು ಹೊಳೆಗೆ ತೊಟ್ಟಿಕ್ಕಿಸಿದರೆ, ದೊಡ್ಡವಾಗಿದ್ದ ಆ ಮೀನುಗಳು ಅಲ್ಲಿಗೇ ಬಂದವು. ಹುಟ್ಟೂರಿನ ಮೇಲೆ ಪ್ರೀತಿ ಗೀತಿ ಏನಿಲ್ಲ. ಆ ವಯಸ್ಸಲ್ಲಿ ಮೂಗಿಗೆ ಬಿದ್ದದ್ದು, ಅಷ್ಟೇ.

"ಹಾಗಾದ್ರೆ ನಂದು ಯಾವ ವಾಸನೆ?" ಅಂದಳು. ಬೆಂಗಳೂರಿನ ನಮ್ಮ ಮನೆ ಕೆಳಗೆ ಬೇಕರಿ, ಮೆಟ್ಟಿಲ ತುಂಬಾ ಫಿನೈಲು. ಏನಂತ ಹೇಳಲಿ?

ವಾಪಸ್ ಬರೋವಾಗ ಬಸ್ಸಲ್ಲಿ ಬೆರಳು ಮೂಸುತ್ತಾ ಕೂತಿದ್ದಳು. ಅವ್ವ ಮೂರು ಸಲ ಸೋಪು ಹಾಕಿ ತೊಳೆಸಿದ್ದರೂ ಕಾಟ್ಲಾ ಬಿಟ್ಟಿರಲಿಲ್ಲ. ಮೂಸೋದು, ಮುಖ ಕಿವುಚೋದು. ಮತ್ತೆ ಮೂಸೋದು.